ಅಲುಗದ ಮೇಜು ಕೂಡಿಸುವ ಕ್ರಮ: ಅರಭಾವಿ ಸೀಮೆಯ ಆವೃತ್ತಿ

ಈ ಕೈಪಿಡಿಯನ್ನು ಮೇಜಿನ ಮೇಲೆ ಇಡಬೇಡಿ. ಮುಂದೆ ಬರುವ ಎಚ್ಚರಿಕೆಗಳೆಲ್ಲ ಈ ಒಂದು ಮಾತಿನ ಮರಿಗಳೇ. ಪೂರ್ತಿ ಓದುವ ತಾಳ್ಮೆ ಇಲ್ಲದವರು ಇಲ್ಲಿಗೇ ನಿಲ್ಲಿಸಿ, ಪುಸ್ತಕವನ್ನು ಕಪಾಟಿಗೆ ಸೇರಿಸಿ, ಚಹಾಕ್ಕೆ ಹೋಗಬಹುದು. ಚಹಾದ ಕಪ್ಪನ್ನೂ ಮೇಜಿನ ಮೇಲೆ ಇಡಬೇಡಿ.

ಉಳಿದವರು ಕೇಳಿ. ನಿಮ್ಮ ಭೌತಶಾಸ್ತ್ರ ವಿಭಾಗ ತರಿಸಿರುವುದು ಒಂದು ಆಪ್ಟಿಕಲ್ ಟೇಬಲ್ ಮತ್ತು ಅದನ್ನು ಹೊರಲು ನಾಲ್ಕು ಗಾಳಿಗಾಲು. ಪೆಟ್ಟಿಗೆಯ ಜೊತೆಗೆ ಬಂದ ಮೂಲ ಕೈಪಿಡಿ ಒಳ್ಳೆಯದೇ. ಆದರೆ ಅದನ್ನು ಬರೆದವರ ಊರಲ್ಲಿ ನೆಲ ಸುಮ್ಮನಿರುತ್ತದೆ. ಅವರ ಪ್ರಯೋಗಾಲಯದ ಮುಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುವುದಿಲ್ಲ, ಹೋದರೂ ಹಾಡು ಹಚ್ಚಿಕೊಂಡು ಹೋಗುವುದಿಲ್ಲ. ಅವರ ಅಡಿಪಾಯದ ಕೆಳಗೆ ಎರಿಮಣ್ಣು ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯುವುದಿಲ್ಲ. ಆದ್ದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಿಗೆಂದೇ ಈ ಆವೃತ್ತಿ. ಬೇರೆ ತಾಲೂಕಿನವರು ಬಳಸಿದರೆ ನಮ್ಮ ಅಭ್ಯಂತರವಿಲ್ಲ, ಜವಾಬ್ದಾರಿಯೂ ಇಲ್ಲ.

ಪೆಟ್ಟಿಗೆ ಒಡೆಯುವುದು

ಸಂಕೇಶ್ವರದ ಹತ್ತಿರ ಹೆದ್ದಾರಿ ಬಿಟ್ಟು ಹುಕ್ಕೇರಿ, ಘಟಪ್ರಭಾ ದಾರಿ ಹಿಡಿದು ಬಂದ ಲಾರಿಯ ಡ್ರೈವರ್ "ದಾರಿ ಭಾರಿ ಚಲೋ ಇತ್ತು" ಎಂದರೆ ಪೆಟ್ಟಿಗೆಯನ್ನು ಅವನ ಎದುರಿಗೇ ತೆರೆಯಿರಿ. ಒಳಗಿನ ಮೇಜು 2.4 ಮೀಟರ್ ಉದ್ದ, 1.2 ಮೀಟರ್ ಅಗಲ, ಒಂದು ಅಡಿ ದಪ್ಪ. ತೂಕ ಹೆಚ್ಚುಕಡಿಮೆ ನಾಲ್ಕು ಕ್ವಿಂಟಲ್. ಇಳಿಸಲು ಬಂದ ಹಮಾಲರಲ್ಲಿ ಹಿರಿಯವನು ಗೆಣ್ಣಿನಿಂದ ಕುಟ್ಟಿ ನೋಡಿ "ಸರ, ಒಳಗ ಟೊಳ್ಳ ಐತಿ, ಮೋಸ ಹೋದ್ರಿ" ಎನ್ನುತ್ತಾನೆ. ಟೊಳ್ಳು ಇರುವುದು ನಿಜ, ಮೋಸವೇನೂ ಇಲ್ಲ. ಮೇಲೊಂದು ಕೆಳಗೊಂದು ಉಕ್ಕಿನ ತಗಡು, ನಡುವೆ ತೆಳು ಉಕ್ಕಿನ ಜೇನುಗೂಡು. ಇದೇ ತೂಕದ ಗಟ್ಟಿ ಉಕ್ಕಿನ ಹಲಗೆ ತಂದಿದ್ದರೆ ಅದು ಎರಡು ಇಂಚೂ ದಪ್ಪ ಇರುತ್ತಿರಲಿಲ್ಲ, ಬಾಗುತ್ತಿತ್ತು, ಬಡಿದರೆ ಗುಡಿಯ ಗಂಟೆಯ ಕೆಲಸ ಮಾಡುತ್ತಿತ್ತು. ಜೇನುಗೂಡು ಬಾಗುವುದಿಲ್ಲ. ದನಿಯನ್ನು ನುಂಗಲು ಅದರೊಳಗೆ ಇನ್ನೊಂದು ಪದಾರ್ಥ ಸೇರಿಸಿರುತ್ತಾರೆ. ಗೋಕಾಕದ ಕರದಂಟಿನಲ್ಲಿ ಬೆಲ್ಲದ ಪಾಕ ಮತ್ತು ಅಂಟು ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ: ಕಲ್ಲಿನಂತೆ ಪುಟಿಯುವುದಿಲ್ಲ, ಮೇಣದಂತೆ ಹರಿಯುವುದೂ ಇಲ್ಲ, ಪೆಟ್ಟು ಬಿದ್ದಲ್ಲಿಯೇ ಪೆಟ್ಟನ್ನು ಹಿಡಿದಿಟ್ಟುಕೊಂಡು ಬೆಚ್ಚಗಾಗಿ ಮುಗಿಸಿಬಿಡುತ್ತದೆ.

ಮೇಲ್ಮೈಯಲ್ಲಿ 25 ಮಿಲಿಮೀಟರಿಗೊಂದರಂತೆ ಎಂ6 ಬೋಲ್ಟಿನ ತಿರುಪುತೂತುಗಳಿವೆ. ಒಟ್ಟು ನಾಲ್ಕು ಸಾವಿರದ ಮೇಲೆ. ಇವುಗಳ ಮಾತು ಕೊನೆಗೆ ಮತ್ತೆ ಬರುತ್ತದೆ, ಬರಬಾರದಿತ್ತು.

ಗಾಳಿಗಾಲುಗಳಿಗೆ ಸಾಗಣೆಯ ಕೆಂಪು ಕ್ಲ್ಯಾಂಪು ಬಿಗಿದಿರುತ್ತಾರೆ. ಅದನ್ನು ತೆಗೆಯದೆ ಮೇಜು ಕೂಡಿಸಿದರೆ ನಿಮ್ಮದು ಸಂಪನ್ನರ ಮನೆಯ ಊಟದ ಮೇಜು. ಜಗತ್ತಿನಲ್ಲಿ ಇಂಥ ಊಟದ ಮೇಜುಗಳು ಸಾಕಷ್ಟು ಇವೆ, ಕೆಲವುಗಳ ಮೇಲೆ ಸಂಶೋಧನೆಯೂ ನಡೆದಿದೆ.

ಜಾಗ ಹುಡುಕುವುದು

ಮೊದಲು ಏನು ಕಾಯಬೇಕಾಗಿದೆ ಎಂಬುದು ತಲೆಯಲ್ಲಿರಲಿ. ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕಿನ ತರಂಗಾಂತರ 632.8 ನ್ಯಾನೋಮೀಟರ್. ಒಂದು ಬೆಳಕನ್ನು ಎರಡಾಗಿ ಸೀಳಿ, ಎರಡು ಕನ್ನಡಿಗಳಿಗೆ ಕಳಿಸಿ, ಮತ್ತೆ ಕೂಡಿಸಿದರೆ ಗೋಡೆಯ ಮೇಲೆ ಕಪ್ಪು-ಕೆಂಪು ಪಟ್ಟೆಗಳು ಮೂಡುತ್ತವೆ. ಒಂದು ಕನ್ನಡಿ ಆ ತರಂಗಾಂತರದ ಅರ್ಧದಷ್ಟು, ಅಂದರೆ ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಪಾಲು ಸರಿದರೂ ಪಟ್ಟೆ ಒಂದು ಮನೆ ಮುಂದೆ ಹೋಗುತ್ತದೆ. ಹೊಲೊಗ್ರಾಂ ತೆಗೆಯುವವರಿಗೆ ಅದರ ಹತ್ತರಲ್ಲೊಂದು ಪಾಲೂ ಬೇಡ. ಇದು ತಿಳಿದ ಮೇಲೆ ಜಾಗ ಹುಡುಕಲು ಹೊರಟರೆ ಮೂರು ತಾಲೂಕಿನಲ್ಲಿ ಎಲ್ಲೂ ಕಾಲು ಊರಲು ಧೈರ್ಯ ಬರುವುದಿಲ್ಲ.

ಧೈರ್ಯಕ್ಕೆ ಒಂದು ಹಳೆಯ ಸಂಗತಿ. ಆಲ್ಬರ್ಟ್ ಮೈಕೆಲ್ಸನ್ ಎಂಬ ಅಮೆರಿಕದ ತರುಣ 1881ರಲ್ಲಿ ಇದೇ ಪಟ್ಟೆಗಳನ್ನು ಹಿಡಿದು, ಬೆಳಕು ಸಾಗುವ ಮಾಧ್ಯಮವೆಂದು ಆಗ ನಂಬಿದ್ದ ಈಥರನ್ನು ಅಳೆಯಲು ಬರ್ಲಿನ್ನಿನಲ್ಲಿ ಕೂತ. ಹಗಲು ಸಾಧ್ಯವೇ ಆಗಲಿಲ್ಲ. ರಾತ್ರಿ ಹನ್ನೆರಡರ ಮೇಲೆ ಆಗೊಮ್ಮೆ ಈಗೊಮ್ಮೆ ಪಟ್ಟೆ ನಿಲ್ಲುತ್ತಿತ್ತು. ಆಗ ಅಲ್ಲಿ ಇದ್ದದ್ದು ಕುದುರೆಗಾಡಿ, ಕಬ್ಬಿನ ಟ್ರ್ಯಾಕ್ಟರಲ್ಲ. ಸಾಕಾಗಿ ಉಪಕರಣವನ್ನು ಪಾಟ್ಸ್‌ಡಾಮ್‌ನ ವೀಕ್ಷಣಾಲಯಕ್ಕೆ ಒಯ್ದ. ಅಲ್ಲಿನ ಕಲ್ಲಿನ ಕಂಬಗಳೂ ಸಾಲದೆ ಕೊನೆಗೆ ನೆಲಮಾಳಿಗೆಯಲ್ಲಿ ಕೂಡಿಸಿದ. ಅಲ್ಲೂ ನೂರು ಮೀಟರ್ ದೂರದ ಹಾದಿಯ ಮೇಲೆ ಯಾರಾದರೂ ಕಾಲು ಅಪ್ಪಳಿಸಿದರೆ ಪಟ್ಟೆಗಳು ಮಾಯವಾಗುತ್ತಿದ್ದವು. ಆರು ವರ್ಷ ಬಿಟ್ಟು, 1887ರಲ್ಲಿ, ಕ್ಲೀವ್‌ಲ್ಯಾಂಡ್‌ನ ಒಂದು ವಿದ್ಯಾರ್ಥಿನಿಲಯದ ನೆಲಮಾಳಿಗೆಯಲ್ಲಿ ಮಾರ್ಲಿ ಎಂಬ ಸಹೋದ್ಯೋಗಿಯ ಜೊತೆಗೂಡಿ ಬೇರೆ ಉಪಾಯ ಹೂಡಿದ: ಐದಡಿ ಚೌಕದ, ಅಡಿಗೂ ಮಿಕ್ಕ ದಪ್ಪದ ಮರಳುಗಲ್ಲಿನ ಚಪ್ಪಡಿಯನ್ನು ಪಾದರಸದ ಮೇಲೆ ತೇಲಿಬಿಟ್ಟ. ಕನ್ನಡಿಗಳೆಲ್ಲ ಆ ಕಲ್ಲಿನ ಮೇಲೆ. ನಿಮ್ಮ ಮೇಜಿನ ಮುತ್ತಜ್ಜ ಅದೇ.

ಮರಳುಗಲ್ಲು ಎಂದಾಗ ಗೋಕಾಕದವರ ಕಿವಿ ನಿಮಿರಬೇಕು. ಘಟಪ್ರಭೆ 52 ಮೀಟರ್ ಧುಮುಕುವುದು ಅದೇ ಜಾತಿಯ ಕಲ್ಲಿನ ಕೊರಕಲಿಗೆ. ಅದೇ 1887ರಲ್ಲಿ ಆ ಧುಮುಕುವ ನೀರಿನ ಬಲದ ಮೇಲೆ ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ ತಿರುಗತೊಡಗಿತು. ಒಂದೇ ವರ್ಷ, ಒಂದೇ ಜಾತಿಯ ಕಲ್ಲು. ಅಲ್ಲಿ ಅದನ್ನು ಜಗತ್ತಿನ ಅತ್ಯಂತ ನಿಶ್ಚಲ ವಸ್ತುವಾಗಿ ಮಾಡಲು ಹೆಣಗಿದರು, ಇಲ್ಲಿ ಅದರ ಅಂಚಿನಲ್ಲಿ ಸಾವಿರಾರು ಕದಿರುಗಳನ್ನು ಗಿರಗಿರ ತಿರುಗಿಸಲು ಹೆಣಗಿದರು. ಎರಡೂ ಕಡೆ ಯಶಸ್ಸೇ. ಕ್ಲೀವ್‌ಲ್ಯಾಂಡ್‌ನಲ್ಲಿ ಈಥರು ಸಿಗಲಿಲ್ಲ ಎಂಬುದು ಬೇರೆ ಮಾತು, ಆ ಸಿಗದಿದ್ದುದೇ ಮುಂದೆ ಭೌತಶಾಸ್ತ್ರಕ್ಕೆ ದೊಡ್ಡ ಲಾಭವಾಯಿತು.

(ಪಾದರಸದ ಉಪಾಯ ಮಾಡಬೇಡಿ. ಅದರ ಆವಿ ವಿಷ. ಮೇಲಾಗಿ ಅಷ್ಟು ಪಾದರಸಕ್ಕೆ ಟೆಂಡರ್ ಕರೆದರೆ ತನಿಖೆ ಬರುತ್ತದೆ.)

ನೆಲವೇ ಸುಮ್ಮನಿರುವ ಜಾಗಗಳು ಕರ್ನಾಟಕದಲ್ಲಿ ಇಲ್ಲವೆಂದಲ್ಲ. ದೂರದ ದೇಶಗಳ ಭೂಗತ ಅಣುಸ್ಫೋಟದ ಸದ್ದನ್ನು ಕೇಳಲು 1960ರ ದಶಕದಲ್ಲಿ ಭೂಕಂಪಮಾಪಕಗಳ ಸಾಲು ಹೂಡಿದ್ದು ಗೌರಿಬಿದನೂರಿನ ಬಂಡೆಗಳ ನಡುವೆ. ನಿಮ್ಮ ಕಾಲೇಜನ್ನು ಗೌರಿಬಿದನೂರಿಗೆ ಒಯ್ಯಲು ಆಡಳಿತ ಮಂಡಳಿ ಒಪ್ಪುವುದಿಲ್ಲ. ಆದ್ದರಿಂದ ನೆಲಮಹಡಿಯೇ ಇರಲಿ. ಮೇಲಿನ ಮಹಡಿಯ ಸ್ಲ್ಯಾಬು ಡೊಳ್ಳಿನ ಚರ್ಮ. ಮೆಟ್ಟಿಲಿನಿಂದ, ಪಂಪ್‌ಸೆಟ್ಟಿನಿಂದ, ಸ್ಟಾಫ್‌ರೂಮಿನಿಂದ ದೂರ ಇರಲಿ. ಘಟಪ್ರಭಾ ಸ್ಟೇಷನ್ನಿನ ಹತ್ತಿರದವರು ಮಿರಜ–ಲೋಂಡಾ ಮಾರ್ಗದ ಗಾಡಿಗಳ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಲಿ. ಗಾಡಿ ತಡವಾಗುವುದನ್ನು ವೇಳಾಪಟ್ಟಿ ಹೇಳುವುದಿಲ್ಲ, ಮೇಜು ಹೇಳುತ್ತದೆ.

ಎರಿಭೂಮಿಯ ಮಾತು ದೊಡ್ಡದು. ಈ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಏಪ್ರಿಲಿನಲ್ಲಿ ಹೊಲದ ಬಿರುಕಿಗೆ ಕೈ ಹಾಕಿದರೆ ಮೊಣಕೈವರೆಗೆ ಇಳಿಯುವುದು ಇದೇ ಕಾರಣಕ್ಕೆ. ಮೇಲುಮೇಲೆ ಹಾಸಿದ ಶಹಾಬಾದ ಫರಸಿ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಮೇಜಿನ ಕೆಳಗಿನ ನೆಲವನ್ನು ಗಟ್ಟಿ ಗರಸು ಸಿಗುವವರೆಗೆ ಅಗೆದು, ಕಾಂಕ್ರೀಟಿನ ದಿಮ್ಮಿ ಎರೆದು, ಅದರ ಸುತ್ತ ಉಳಿದ ನೆಲಕ್ಕೆ ತಾಗದಂತೆ ಎರಡು ಬೆರಳಿನ ಸಂದು ಬಿಡಿಸಿ. ಗೌಂಡಿ ಆ ಸಂದನ್ನು ಸಿಮೆಂಟಿನಿಂದ ತುಂಬಿಯೇ ತುಂಬುತ್ತಾನೆ, ಏಕೆಂದರೆ ಅವನ ಕಸುಬಿನಲ್ಲಿ ಸಂದು ಬಿಡುವುದು ಅವಮಾನ. ಅವನು ಊಟಕ್ಕೆ ಹೋದಾಗ ನೀವು ಅಲ್ಲೇ ಕೂತಿರಬೇಕು, ಬಂದ ಮೇಲೂ ಕೂತಿರಬೇಕು.

ನೆಲ ಎಷ್ಟು ನಡುಗುತ್ತಿದೆ ಎಂದು ನೋಡಲು ಮೊಬೈಲಿನ ಆ್ಯಪ್ ನಂಬಬೇಡಿ. ಟ್ರ್ಯಾಕ್ಟರ್ ಹೋದದ್ದು ಅದಕ್ಕೆ ಗೊತ್ತಾದೀತು, ಆದರೆ ಸೂಕ್ಷ್ಮ ಪ್ರಯೋಗಾಲಯಗಳ ಮಿತಿ ಸೆಕೆಂಡಿಗೆ 50 ಮೈಕ್ರೋಮೀಟರಿನಿಂದ ಶುರುವಾಗಿ ಮೂರರವರೆಗೆ ಇಳಿಯುತ್ತದೆ. ಫೋನಿನ ಒಳಗಿನ ಸದ್ದೇ ಅದಕ್ಕಿಂತ ಜೋರು. ಒಂದು ಪರಾತದಲ್ಲಿ ನೀರು ತುಂಬಿ ನೆಲದ ಮೇಲಿಟ್ಟು, ಲೇಸರ್ ಚುಕ್ಕೆಯನ್ನು ನೀರಿನ ಮೇಲೆ ಓರೆಯಾಗಿ ಬೀಳಿಸಿ ಗೋಡೆಯ ಮೇಲಿನ ಪ್ರತಿಬಿಂಬ ನೋಡಿ. ಚುಕ್ಕೆ ಕುಣಿದರೆ ನೆಲ ಕುಣಿಯುತ್ತಿದೆ. ಫ್ಯಾನು ಬಂದ್ ಮಾಡಿ ನೋಡಬೇಕು ಎಂದು ಹೇಳಬೇಕಾಗಿಲ್ಲ ಅಂದುಕೊಂಡಿದ್ದೆವು, ಆದರೂ ಹೇಳುತ್ತಿದ್ದೇವೆ.

ಗಾಳಿಯೇ ಏಕೆ

ಉಕ್ಕಿನ ಸ್ಪ್ರಿಂಗ್ ಆಗುವುದಿಲ್ಲವೇ ಎಂದು ಲೆಕ್ಕಪತ್ರ ವಿಭಾಗದವರು ಕೇಳುತ್ತಾರೆ. ಅವರಿಗೆ ಲೆಕ್ಕದಲ್ಲೇ ಉತ್ತರ ಕೊಡಿ. ಭಾರ ಹೊತ್ತ ಸ್ಪ್ರಿಂಗ್ ಎಷ್ಟು ಕುಸಿಯುತ್ತದೆ ಎಂಬುದರ ಮೇಲೆ ಅದರ ಸಹಜ ತೂಗಾಟ ನಿಂತಿದೆ. ಒಂದು ಸೆಂಟಿಮೀಟರ್ ಕುಸಿದರೆ ಸೆಕೆಂಡಿಗೆ ಐದು ತೂಗು. ಸೆಕೆಂಡಿಗೆ ಒಂದಕ್ಕೆ ಇಳಿಸಬೇಕೆಂದರೆ 25 ಸೆಂಟಿಮೀಟರ್ ಕುಸಿಯಬೇಕು. ಅಷ್ಟು ಕುಸಿಯುವ ಸ್ಪ್ರಿಂಗಿನ ಮೇಲೆ ನಾಲ್ಕು ಕ್ವಿಂಟಲಿನ ಮೇಜು ಇಟ್ಟರೆ ಹಳೆಯ ಜೀಪಿನಲ್ಲಿ ಕೂತ ಹಾಗೆ ಪಕ್ಕಕ್ಕೂ ವಾಲುತ್ತದೆ. ಗಾಳಿಯ ಕೊಳವೆಯಾದರೋ ಕುಸಿಯದೆ ಅದೇ ಮೆತ್ತನೆಯ ಗುಣ ಕೊಡುತ್ತದೆ. ಗಾಳಿಗಾಲಿನ ಸಹಜ ತೂಗು ಸೆಕೆಂಡಿಗೆ ಒಂದರಿಂದ ಎರಡು. ಒಂದೂವರೆ ಎಂದು ಹಿಡಿಯೋಣ.

ಇನ್ನು ಮುಂದಿನದನ್ನು ನಿಧಾನ ಓದಿ, ಇಡೀ ಕೈಪಿಡಿಯ ಜೀವ ಇಲ್ಲಿದೆ. ನೆಲದ ನಡುಕ ಈ ಸಹಜ ತೂಗಿಗಿಂತ ಬಹಳ ವೇಗವಾದದ್ದಾದರೆ ಕಾಲು ಅದನ್ನು ಮೇಲಕ್ಕೆ ಬಿಡುವುದಿಲ್ಲ. ಗುಂಡಿಬಿದ್ದ ರಸ್ತೆಯಲ್ಲಿ ತುಂಬಿದ ಟ್ರೇಲರ್ ಎಬ್ಬಿಸುವುದು ಸೆಕೆಂಡಿಗೆ ಹತ್ತು-ಹದಿನೈದು ಬಾರಿಯ ನಡುಕ; ಹತ್ತರ ನಡುಕದಲ್ಲಿ ನಲವತ್ತರಲ್ಲೊಂದು ಪಾಲಷ್ಟೇ ಮೇಜಿಗೆ ಮುಟ್ಟುತ್ತದೆ. ಅಂದರೆ ನೀವು ಯಾರನ್ನು ಶಪಿಸುತ್ತ ಈ ಮೇಜು ತರಿಸಿದಿರೋ ಆ ಟ್ರ್ಯಾಕ್ಟರಿನವನು ಬಹುಮಟ್ಟಿಗೆ ನಿರಪರಾಧಿ. ಆದರೆ ನಡುಕ ಸಹಜ ತೂಗಿನ ಆಸುಪಾಸಿನದಾದರೆ ಕಾಲು ಅದನ್ನು ತಡೆಯುವುದಿಲ್ಲ, ಹಿಗ್ಗಿಸಿ ಕೊಡುತ್ತದೆ. ಸೆಕೆಂಡಿಗೆ ಎರಡು ಬಾರಿ ನೆಲ ಬಡಿಯುವುದು ಯಾವುದು? ಮನುಷ್ಯನ ನಡಿಗೆ. ಕೈ ಹಿಂದೆ ಕಟ್ಟಿಕೊಂಡು ಕಾರಿಡಾರಿನಲ್ಲಿ ಗಂಭೀರವಾಗಿ ಅಡ್ಡಾಡುವ ಒಬ್ಬ ಪ್ರಾಂಶುಪಾಲರು ರಸ್ತೆಯ ಮೇಲಿನ ಇಪ್ಪತ್ತು ಟನ್ ಕಬ್ಬಿಗಿಂತ ಕೇಡಿಗರು. ಇದನ್ನು ಅವರಿಗೆ ತಿಳಿಸುವ ಕ್ರಮ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ವಿದ್ಯಾರ್ಥಿಗಳಿಗೆ ತಿಳಿಸಬೇಕಾದರೆ ಗೋಕಾಕ ಫಾಲ್ಸ್‌ನ ತೂಗುಸೇತುವೆಗೆ ಕರೆದೊಯ್ಯಿರಿ. ಅಲ್ಲಿ ನಡು ಮುಟ್ಟುವ ಹೊತ್ತಿಗೆ, ಯಾರೂ ಜಿಗಿಯದಿದ್ದರೂ ಬರಿಯ ಹೆಜ್ಜೆಗಳ ತಾಳ ಹಲಗೆಗೆ ಏನು ಮಾಡುತ್ತದೆ ಎಂಬುದು ಪಾಠವಿಲ್ಲದೆ ತಿಳಿಯುತ್ತದೆ.

ಕೂಡಿಸುವುದು

ಕಾಲುಗಳನ್ನು ಮೇಜಿನ ನಾಲ್ಕು ಮೂಲೆಗೆ ಕೊಡಬೇಡಿ. ಉದ್ದದ ಎರಡೂ ತುದಿಯಿಂದ ಶೇಕಡಾ 22ರಷ್ಟು, ಅಂದರೆ ನಮ್ಮ ಮೇಜಿಗೆ ಸುಮಾರು 53 ಸೆಂಟಿಮೀಟರ್ ಒಳಗೆ ಕೊಡಿ. ಮೇಜು ತಾನೇ ಬಾಗಿ ಕಂಪಿಸುವಾಗ ಅಲುಗದೆ ಉಳಿಯುವ ಗೆರೆಗಳು ಅಲ್ಲಿವೆ. ನೋಡಲು ಬಂದವರೆಲ್ಲ "ಮೂಲಿಗೆ ಕೊಡ್ರಿ, ಗಟ್ಟಿ ಆಗತದ" ಎನ್ನುತ್ತಾರೆ. ತಲೆಯಾಡಿಸಿ, ಕೊಡಬೇಡಿ.

ನಾಲ್ಕು ಕಾಲಿಗೆ ಮಟ್ಟ ಕಾಯುವ ಕವಾಟ ಮೂರೇ ಇರುತ್ತವೆ. ಒಂದು ಕಳುವಾಗಿದೆ ಎಂದು ಸರಬರಾಜುದಾರರಿಗೆ ಪತ್ರ ಬರೆಯುವ ಮುನ್ನ ಓದಿ: ಒಂದು ಸಮತಲ ನಿಲ್ಲಲು ಮೂರು ಬಿಂದು ಸಾಕು. ನಾಲ್ಕಕ್ಕೂ ಸ್ವತಂತ್ರ ಕವಾಟ ಕೊಟ್ಟರೆ ನಾಲ್ವರು ಭಾಗೀದಾರರ ಬಾವಿಯಂತಾಗಿ, ಒಬ್ಬ ಏರಿಸಿದ್ದನ್ನು ಇನ್ನೊಬ್ಬ ಇಳಿಸುತ್ತ ಮೇಜು ದಿನವಿಡೀ ಕುಂಟುತ್ತದೆ. ಆದ್ದರಿಂದ ಎರಡು ಕಾಲುಗಳನ್ನು ಒಂದೇ ನಳಿಗೆಗೆ ಸೇರಿಸಿ ಒಂದರ ಮಾತನ್ನು ಇನ್ನೊಂದು ಕೇಳುವಂತೆ ಮಾಡಿರುತ್ತಾರೆ. ಎಂಟು ಕಾಲಿನ ಮೇಜಿಗೂ ಕವಾಟ ಮೂರೇ.

ಒತ್ತಡದ ಭಯ ಬೇಡ. ಕಾಲಿಗೆ ಒಂದು ಕ್ವಿಂಟಲ್ ಭಾರ, ಹತ್ತು ಸೆಂಟಿಮೀಟರ್ ವ್ಯಾಸದ ಪಿಸ್ಟನ್ ಎಂದರೆ ಬೇಕಾಗುವುದು ಹದಿನೆಂಟು ಪೌಂಡಿನ ಆಸುಪಾಸು, ಸ್ಕೂಟರಿನ ಮುಂದಿನ ಗಾಲಿಗೆ ಹಾಕುವಷ್ಟು. ಗಾಳಿ ನಿಧಾನ ಬಿಡಿ. ಮೇಜು ಒಂದು ಕಡೆಯಿಂದ ಮೊದಲು ಏಳುತ್ತದೆ. ಗಾಬರಿಯಾಗಿ ಆ ಮೂಲೆಯ ಮೇಲೆ ಯಾರೂ ಕೂಡಬಾರದು. ಕವಾಟದ ತಿರುಪು ಹೊಂದಿಸುತ್ತ ಹೋದರೆ ಕೆಲವು ಮಿಲಿಮೀಟರ್ ಎತ್ತರದಲ್ಲಿ ಸಮನಾಗಿ ನಿಲ್ಲುತ್ತದೆ. ಈಗ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ ಬಿಡಿ. ನಿಧಾನ ತಗ್ಗಿ, ನಿಧಾನ ಎದ್ದು, ಒಂದೆರಡು ಬಾರಿ ತೂಗಿ ಸುಮ್ಮನಾದರೆ ತೇಲಿದೆ. ಟಣ್ ಎಂದರೆ ಎಲ್ಲೋ ತಾಗಿದೆ. ಬಹುತೇಕ ಆ ಕೆಂಪು ಕ್ಲ್ಯಾಂಪು, ಇಲ್ಲವೆ ಯಾರೋ ಮೇಜಿನ ಕೆಳಗೆ ಜಾಗ ಖಾಲಿ ಇದೆಯೆಂದು ತಳ್ಳಿಟ್ಟ ಹಳೆಯ ಉತ್ತರಪತ್ರಿಕೆಗಳ ಗಂಟು.

ಗಾಳಿ ಎಲ್ಲಿಂದ? ಕಂಪ್ರೆಸರ್ ಎಂದರೆ ಕರೆಂಟು, ಕರೆಂಟು ಎಂದರೆ ಅನುಮಾನ. ಹುಕ್ಕೇರಿ ತಾಲೂಕಿನವರ ದೂರು ಕೇಳಲು ಬೇರೆಯೇ ಬಾಗಿಲು ಇದೆ: ಅಲ್ಲಿ ವಿದ್ಯುತ್ ಹಂಚುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ದೇಶದಲ್ಲಿ ಪ್ರಯೋಗವೆಂದು ಶುರುವಾದ ಮೊದಲ ಐದು ಸಂಘಗಳಲ್ಲಿ ಒಂದು. ಉಳಿದ ಎರಡು ತಾಲೂಕಿನವರಿಗೆ ಹೆಸ್ಕಾಂ. ಯಾರ ಕರೆಂಟಾದರೂ ಕಂಪ್ರೆಸರ್ ಚಾಲೂ ಆದಾಗ ನೆಲವನ್ನು ನಡುಗಿಸುವುದು ತಪ್ಪುವುದಿಲ್ಲ, ಮೇಜನ್ನು ಅಲುಗಿಸುವ ಯಂತ್ರವನ್ನು ಮೇಜು ಅಲುಗದಿರಲೆಂದು ಕೊಂಡಂತಾಗುತ್ತದೆ. ನನ್ನ ಮತ ನೈಟ್ರೋಜನ್ ಸಿಲಿಂಡರಿಗೆ. ಸೋರಿಕೆ ಇಲ್ಲದಿದ್ದರೆ ಖರ್ಚು ಬಲು ಕಡಿಮೆ. ಸೋರಿಕೆ ಹುಡುಕಲು ಪಂಕ್ಚರ್ ಅಂಗಡಿಯ ಹುಡುಗನನ್ನು ಸಾಬೂನು ನೀರಿನ ಸಮೇತ ಕರೆಸಿ. ಅವನು ಸರಬರಾಜುದಾರರ ಎಂಜಿನಿಯರಿಗಿಂತ ಬೇಗ ಹಿಡಿಯುತ್ತಾನೆ.

ಮೇಲಿನಿಂದ ಬರುವವರು

ಗಾಳಿಗಾಲಿಗೆ ಒಂದೇ ಬಾಗಿಲು ಗೊತ್ತು, ನೆಲದ ಬಾಗಿಲು. ಬೇರೆ ದಾರಿಯಿಂದ ಬರುವವರನ್ನು ಅದು ತಡೆಯುವುದಿಲ್ಲ. ಮೆತ್ತಗೆ ತೇಲುತ್ತಿರುವ ಮೇಜು ಅವರಿಗೆ ಇನ್ನಷ್ಟು ಸುಲಭದ ತುತ್ತು.

ಮೊದಲನೆಯದು ವೈರು. ಗೋಡೆಯ ಸಾಕೆಟ್ಟಿನಿಂದ ಬಿಗಿಯಾಗಿ ಎಳೆದ ಒಂದು ದಪ್ಪ ಕೇಬಲ್ಲು ಗೋಡೆಯ ನಡುಕವನ್ನೆಲ್ಲ ನೇರ ಮೇಜಿಗೆ ಸುರಿಯುತ್ತದೆ. ನಾಲ್ಕು ಕಾಲಿಗೆ ಕೊಟ್ಟ ಹಣ ನೀರುಪಾಲು. ಕೇಬಲ್ಲುಗಳನ್ನು ಸಡಿಲ ಜೋತುಬಿಡಿ. ಎರಡನೆಯದು ಗಾಳಿ. ಒಂದು ಮೀಟರ್ ದಾರಿಯಲ್ಲಿ ಗಾಳಿಯ ಬಿಸಿ ಒಂದೇ ಡಿಗ್ರಿ ಬದಲಾದರೆ ಪಟ್ಟೆ ಒಂದೂವರೆ ಮನೆ ಸರಿಯುತ್ತದೆ, ಮೇಜು ಕೂದಲೆಳೆಯಷ್ಟೂ ಅಲುಗದೆ. ಗೋಕಾಕದ ಏಪ್ರಿಲಿನಲ್ಲಿ ಎಸಿ ಹಚ್ಚಿದರೆ ಅದು ಊದುವ ತಂಪಿಗೆ ಪಟ್ಟೆ ಈಜುತ್ತದೆ, ಹಚ್ಚದಿದ್ದರೆ ಪ್ರಯೋಗ ಮಾಡುವವನೇ ಬೆವರಿನಲ್ಲಿ ಈಜುತ್ತಾನೆ. ಕೋಣೆ ತಂಪು ಮಾಡಿ, ಎಸಿ ಆರಿಸಿ, ಬೆಳಕಿನ ದಾರಿಗೆ ರಟ್ಟಿನ ಗೂಡು ಕಟ್ಟಿ, ಗಾಳಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕೂಡುವುದೊಂದೇ ದಾರಿ.

ಮೂರನೆಯದು ಸದ್ದು. ಇಲ್ಲಿ ನಾವು ಡಾಲ್ಬಿಯ ಎದುರು ನಿಲ್ಲುತ್ತೇವೆ. ಈ ಭಾಗದಲ್ಲಿ ಡಾಲ್ಬಿ ಎಂದರೆ ಸಿನಿಮಾ ಮಂದಿರದ ತಂತ್ರಜ್ಞಾನವಲ್ಲ. ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ಆಳೆತ್ತರ ಪೇರಿಸಿದ ಪೆಟ್ಟಿಗೆಗಳ ಗೋಪುರ. ಲಗ್ನಕ್ಕೆ, ಗಣಪತಿಗೆ, ಜಯಂತಿಗೆ, ಚುನಾವಣೆಯ ಗೆಲುವಿಗೆ ಅದು ಹೊರಡುತ್ತದೆ. ಅದರ ಬೇಸ್ ಸೆಕೆಂಡಿಗೆ ಐವತ್ತು-ಅರವತ್ತು ಬಾರಿ ಗಾಳಿಯನ್ನೇ ಹಿಡಿದು ಜಗ್ಗುತ್ತದೆ. ಕಿಟಕಿಯ ಗಾಜು, ನಿಮ್ಮ ಎದೆಗೂಡು, ಕನ್ನಡಿಯ ಸ್ಟ್ಯಾಂಡು ಮೂರೂ ಒಟ್ಟಿಗೆ ಮಿಡಿಯುತ್ತವೆ. ಗಾಳಿಗಾಲು ಏನೂ ಮಾಡಲಾರದು, ಅದರ ಕಡೆ ಯಾರೂ ಬಂದೇ ಇಲ್ಲ. ಕನ್ನಡಿಗಳ ಸ್ಟ್ಯಾಂಡುಗಳನ್ನು ಗಿಡ್ಡ ಮತ್ತು ದಪ್ಪ ಇಟ್ಟುಕೊಂಡರೆ ಸ್ವಲ್ಪ ತಡೆದೀತು. ಉದ್ದನೆಯ ತೆಳು ಕಂಬದ ಮೇಲೆ ಕನ್ನಡಿ ಕೂಡಿಸುವವರು ಜೋಳದ ತೆನೆ ಗಾಳಿಗೆ ಆಡುವುದನ್ನು ನೋಡಿಲ್ಲದವರು.

ಮಹಾಮಹಾ ಯಂತ್ರಗಳ ಪಾಡೂ ಇದೇ. ಅಮೆರಿಕದ ಲೈಗೋ ವೀಕ್ಷಣಾಲಯದಲ್ಲಿ 40 ಕಿಲೋ ತೂಕದ ಕನ್ನಡಿಗಳನ್ನು ಗಾಜಿನ ಎಳೆಗಳಿಂದ ನಾಲ್ಕು ಹಂತದ ತೂಗುಗುಂಡಿನಂತೆ ಇಳಿಬಿಟ್ಟಿದ್ದಾರೆ. 2015ರ ಸೆಪ್ಟೆಂಬರ್ 14ರಂದು ಎರಡು ಕಪ್ಪುಕುಳಿಗಳ ಡಿಕ್ಕಿಯ ಅಲೆ ಅಲ್ಲಿ ಸಿಕ್ಕಿತು. ಅಂಥ ಕಡೆ, ಲೈಗೋದ ಎರಡು ನೆಲೆಗಳಲ್ಲೊಂದಾದ ಹ್ಯಾನ್‌ಫರ್ಡ್‌ನಲ್ಲಿ, ಬಾಯಾರಿದ ಕಾಗೆಜಾತಿಯ ಹಕ್ಕಿಗಳು ಕೊಳವೆಯ ಮೇಲಿನ ಮಂಜುಗಡ್ಡೆಯನ್ನು ಕುಕ್ಕಿದ ಸದ್ದು ದತ್ತಾಂಶದಲ್ಲಿ ಮೂಡಿತ್ತು. ನಮಗೆ ಹತ್ತಿರದ ಸುದ್ದಿಯೆಂದರೆ ಮೂರನೆಯ ಲೈಗೋಗೆ 2023ರ ಏಪ್ರಿಲಿನಲ್ಲಿ ಕೇಂದ್ರ ಸಂಪುಟ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ, ಜಾಗ ಮಹಾರಾಷ್ಟ್ರದ ಹಿಂಗೋಲಿ. ಅಲ್ಲಿಯೂ ಲಗ್ನಗಳು ಆಗುತ್ತವೆ. ಅವರು ಏನು ಉಪಾಯ ಮಾಡುತ್ತಾರೆಂದು ಕಾದು ನೋಡಿ ಮುಂದಿನ ಮುದ್ರಣದಲ್ಲಿ ಸೇರಿಸುತ್ತೇವೆ.

ಅಲ್ಲಿಯವರೆಗೆ ಪಂಚಾಂಗವೇ ನಿಮ್ಮ ಐದನೆಯ ಕಾಲು. ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಆಸುಪಾಸಿನಿಂದ ಮಾರ್ಚಿನವರೆಗೆ, ರಾತ್ರಿ-ಹಗಲು ಭೇದವಿಲ್ಲ. ಏಪ್ರಿಲ್, ಮೇ ಲಗ್ನಸರಾಯಿ ಮತ್ತು ಜಾತ್ರೆ. ಜುಲೈ-ಆಗಸ್ಟಿನಲ್ಲಿ ಹಿಡಕಲ್ ಅಣೆಕಟ್ಟಿನ ಬಾಗಿಲು ತೆರೆದರೆ ಜಲಪಾತ ಮೊರೆಯುತ್ತದೆ, ಲೋಳಸೂರ ಸೇತುವೆಯ ಮೇಲೆ ನೀರು ಬಂದರೆ ನೀವೇ ಪ್ರಯೋಗಾಲಯ ಮುಟ್ಟುವುದಿಲ್ಲ. ಹಾಗೆ ನೋಡಿದರೆ ಆ ದಿನಗಳಲ್ಲಿ ಯಾರೂ ಮುಟ್ಟದ ಕಾರಣ ಮೇಜು ಅತ್ಯುತ್ತಮ ಸ್ಥಿತಿಯಲ್ಲಿರುತ್ತದೆ. ಉಳಿದದ್ದು ಜೂನಿನ ಕೆಲವು ವಾರ, ಸೆಪ್ಟೆಂಬರಿನ ಗಣಪತಿ ಮುಗಿದ ಮೇಲಿನ ಕೆಲವು ವಾರ, ರಾತ್ರಿ ಒಂದರಿಂದ ನಾಲ್ಕು. ಬರ್ಲಿನ್ನಿನಲ್ಲಿ ಮೈಕೆಲ್ಸನ್ನನಿಗೆ ಸಿಕ್ಕದ್ದೂ ಅದೇ ಹೊತ್ತು. ಎರಡೂವರೆ ಗಂಟೆಗೆ ಪಟ್ಟೆಗಳು ನಿಂತಾಗ ಸಂತೋಷದಿಂದ ಚಪ್ಪಾಳೆ ತಟ್ಟಬೇಡಿ.

ಅನುದಾನ ಬಾರದವರಿಗೆ

ಮೇಲಿನದೆಲ್ಲ ದುಡ್ಡಿದ್ದವರ ಮಾತು. ಅರ್ಜಿ ಬೆಂಗಳೂರಿನಲ್ಲಿ ಕೂತುಬಿಟ್ಟಿದ್ದರೆ ಇನ್ನೊಂದು ದಾರಿ ಇದೆ, ಅದು ನನಗೆ ಹೆಚ್ಚು ಪ್ರೀತಿಯದು. 1970ರ ಹೊತ್ತಿಗೆ ಲಾಯ್ಡ್ ಕ್ರಾಸ್ ಮತ್ತು ಜೆರ್ರಿ ಪೆಥಿಕ್ ಎಂಬವರು ಹೊಲೊಗ್ರಾಂಗಾಗಿ ಮರಳಿನ ಮೇಜು ಕಟ್ಟಿದರು: ಗಾಳಿ ತುಂಬಿದ ಟ್ಯೂಬುಗಳ ಮೇಲೆ ಒಂದು ಪೆಟ್ಟಿಗೆ, ಪೆಟ್ಟಿಗೆ ತುಂಬ ಮರಳು. ಕನ್ನಡಿ, ಮಸೂರಗಳನ್ನು ಪ್ಲಾಸ್ಟಿಕ್ ಕೊಳವೆಗಳ ತುದಿಗೆ ಅಂಟಿಸಿ ಮರಳಿನಲ್ಲಿ ಚುಚ್ಚಿದರು. ಬೇಕಾದ ಎತ್ತರಕ್ಕೆ ಒತ್ತಿದರಾಯಿತು, ಬೇಕಾದತ್ತ ಹೊರಳಿಸಿದರಾಯಿತು.

ಈ ಸಾಮಾನುಗಳನ್ನು ಓದಿದರೆ ಇದನ್ನು ಮೂಡಲಗಿಯಲ್ಲೇ ಕಂಡುಹಿಡಿಯಬೇಕಿತ್ತು ಅನಿಸುತ್ತದೆ. ಟ್ರ್ಯಾಕ್ಟರಿನ ಹಳೆಯ ಟ್ಯೂಬು ಯಾವ ಗ್ಯಾರೇಜಿನಲ್ಲೂ ಸಿಗುತ್ತದೆ. ಮೃದುವಾಗುವಷ್ಟು ಗಾಳಿ ಸಾಕು, ಬಿರುಸು ಬೇಡ. ಬೋರ್‌ವೆಲ್ಲಿನ ಪೈಪಿನ ತುಂಡುಗಳಿಗೆ ಬರವಿಲ್ಲ. ಮರಳು ತೊಳೆದು ಒಣಗಿಸಿ ಜರಡಿ ಹಿಡಿದದ್ದಾಗಿರಲಿ, ಪಾಸಿನ ಮರಳೇ ಆಗಿರಲಿ. ವಿಜ್ಞಾನಕ್ಕೆಂದು ರಾತ್ರಿ ಘಟಪ್ರಭೆಯಲ್ಲಿ ಟಿಪ್ಪರ್ ಇಳಿಸಿದರೆ ತಹಶೀಲ್ದಾರರು ಒಪ್ಪುವುದಿಲ್ಲ. ಮರಳಿನ ದೊಡ್ಡ ಗುಣವೆಂದರೆ ಅದು ಮಿಡಿಯುವುದಿಲ್ಲ, ಕಣಕ್ಕೆ ಕಣ ಉಜ್ಜಿ ನಡುಕ ಅಲ್ಲೇ ಸಾಯುತ್ತದೆ. ದೊಡ್ಡ ದೋಷ ಎಂದರೆ ಕಾಲೇಜಿನ ಬೆಕ್ಕಿಗೂ ಅದು ಇಷ್ಟವಾಗುತ್ತದೆ.

ಲೇಸರಿನ ಮುಂದೆ ಒಂದು ಕರಿ ರಟ್ಟು ಅಡ್ಡ ಹಿಡಿಯಿರಿ, ಆದರೆ ರಟ್ಟು ಮೇಜಿಗೆ ತಾಗಿರಬಾರದು. ಫಿಲ್ಮ್ ಕೂಡಿಸಿ, ದೂರ ಸರಿದು, ಐದು ನಿಮಿಷ ಯಾರೂ ಮಾತಾಡಬೇಡಿ. ಆಮೇಲೆ ರಟ್ಟನ್ನು ಮೆಲ್ಲಗೆ ಎತ್ತಿ, ಕೆಲವು ಸೆಕೆಂಡು ಬೆಳಕು ಬಿಟ್ಟು, ಮತ್ತೆ ಇಳಿಸಿ. ಚಿತ್ರಕ್ಕೆ ಗೋಕಾಕದ ಬಣ್ಣದ ಮರದ ಗೊಂಬೆ ಒಳ್ಳೆಯದು: ಗಟ್ಟಿ, ಉಸಿರಾಡುವುದಿಲ್ಲ. ಕೆಂಪು ಬಣ್ಣದ್ದನ್ನೋ ಬಿಳಿಯದನ್ನೋ ಆರಿಸಿ, ಹಸಿರು ಗಿಳಿ ಕೆಂಪು ಲೇಸರಿಗೆ ಕಪ್ಪಾಗಿಯೇ ಕಾಣುತ್ತದೆ. ಮರ ಹಸಿಯಿದ್ದರೆ ಒಣಗುತ್ತ ಸರಿಯುತ್ತದೆ, ಹೊಸ ಗೊಂಬೆ ಬೇಡ.

ನಿರ್ವಹಣೆ

ವಾರಕ್ಕೊಮ್ಮೆ ಒತ್ತಡ ನೋಡಿ. ಮಳೆಗಾಲದ ಮುಂಚೆ ಒಮ್ಮೆ, ಅದರ ಬಳಿಕ ಒಮ್ಮೆ ನೆಲದ ಮಟ್ಟ ನೋಡಿ. ಎರಿಮಣ್ಣು ಎತ್ತಿದ್ದನ್ನು ಕವಾಟಗಳು ಸ್ವಲ್ಪ ಮಟ್ಟಿಗೆ ತಾವೇ ಸರಿಪಡಿಸಿಕೊಂಡಿರುತ್ತವೆ. ಉದ್ಘಾಟನೆಯ ದಿನ ಮುಖ್ಯ ಅತಿಥಿಗಳು ಮೇಜಿಗೆ ಕೈಯೂರಿ ಫೋಟೋಕ್ಕೆ ನಿಲ್ಲುತ್ತಾರೆ. ಆ ದಿನ ಗಾಳಿ ತೆಗೆದುಬಿಡಿ, ಇಲ್ಲದಿದ್ದರೆ ಮೇಜು ತಗ್ಗಿ ಅವರು ಮುಗ್ಗರಿಸುತ್ತಾರೆ, ಮರುದಿನದ ಪತ್ರಿಕೆಯಲ್ಲಿ ಮೇಜು ಕಳಪೆ ಎಂದು ಬರುತ್ತದೆ.

ಖಂಡೇನವಮಿಯ ದಿನ ಏನು ಮಾಡಬೇಕು ಎಂಬುದು ಮೂಲ ಕೈಪಿಡಿಯಲ್ಲಿ ಇಲ್ಲ. ಲ್ಯಾಬಿನ ಸಾಮಾನಿಗೆಲ್ಲ ಪೂಜೆ ಆಗುವಾಗ ಎಲ್ಲಕ್ಕಿಂತ ಹೆಚ್ಚು ದುಡ್ಡು ಕೊಟ್ಟು ತಂದ ಮೇಜನ್ನು ಬಿಡುವುದು ಸಾಧ್ಯವಿಲ್ಲ, ಬಿಡಬೇಕೆಂದು ನಾವೂ ಹೇಳುವುದಿಲ್ಲ. ಕಾಯಿಯನ್ನು ಹೊಸ್ತಿಲ ಮೇಲೆ ಒಡೆಯಿರಿ. ಕಬ್ಬಿನ ಜಲ್ಲೆ, ಬಾಳೆಕಂದನ್ನು ಕಾಲುಗಳಿಗೆ ಕಟ್ಟಬೇಡಿ, ಅವು ನೆಲಕ್ಕೂ ಮೇಜಿಗೂ ಸೇತುವೆಯಾಗುತ್ತವೆ. ಮೇಲ್ಮೈಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಕುಂಕುಮ, ಭಂಡಾರ, ಅಕ್ಷತೆ ಏನು ಬೇಕಾದರೂ ಹಾಕಿ. ಹಾಳೆ ಮರೆತರೆ ನಾಲ್ಕು ಸಾವಿರ ತೂತುಗಳಲ್ಲಿ ಎಷ್ಟಕ್ಕೆ ಅಕ್ಷತೆ ಬಿದ್ದಿದೆ ಎಂಬುದು ಮಾರ್ಚಿನಲ್ಲಿ ಒಂದು ಬೋಲ್ಟು ಅರ್ಧಕ್ಕೆ ನಿಂತಾಗ ತಿಳಿಯುತ್ತದೆ. ಬಲವಾಗಿ ತಿರುಗಿಸಬೇಡಿ. ಎಂ6 ಟ್ಯಾಪು, ವ್ಯಾಕ್ಯೂಮ್ ಕ್ಲೀನರು ತರಿಸಿ. ಖರ್ಚನ್ನು ಯಾವ ಶೀರ್ಷಿಕೆಯಲ್ಲಿ ತೋರಿಸಬೇಕೆಂದು ಲೆಕ್ಕಪತ್ರದವರು ಕೇಳಿದರೆ "ಉಪಕರಣ ದುರಸ್ತಿ" ಎಂದು ಬರೆಯಿರಿ, "ಪೂಜಾ ಸಾಮಗ್ರಿ ತೆರವು" ಎಂದರೆ ಆಕ್ಷೇಪ ಬರುತ್ತದೆ.